‘ಹೊಸ ಎಂಜಿನ್ ಹಾಕಿಬಿಟ್ಟರೆ ಆಯಿತಲ್ಲ?’

ನನ್ನ ಗ್ಯಾರೇಜಿನಲ್ಲಿ ನೇರಳೆ ಬಣ್ಣದ ಒಂದು ಡಾಡ್ಜ್ ಚಾಲೆಂಜರ್ ಟಿ/ಎ ಕಾರು ಇದೆ, 1970ರದು. ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡಿಗರು ಮನೆಗೆ ಬಂದಾಗ, ಕಾಫಿ ಲೋಟ ಹಿಡಿದುಕೊಂಡೇ ಅದಕ್ಕೊಂದು ಸುತ್ತು ಬಂದು, ತಪ್ಪದೆ ಕೇಳುವ ಪ್ರಶ್ನೆ ಇದು: ‘ಇಷ್ಟೆಲ್ಲ ಕಷ್ಟ ಯಾಕೆ ಸಾರ್, ಹೊಸ ಹೆಮಿ ಎಂಜಿನ್ ಹಾಕಿಬಿಟ್ಟರೆ ಆಯಿತಲ್ಲ?’ ಹೆಮಿ ಎಂದರೆ ಡಾಡ್ಜ್‌ನವರದೇ ಬಲವಾದ ವಿ-8 ಎಂಜಿನ್. ಮೊದಲ ಎರಡು ವರ್ಷ ನಗುತ್ತಲೇ ಉತ್ತರಿಸಿದೆ. ಇನ್ನು ಮೇಲೆ ಇದನ್ನೇ ಓದಿಕೊಳ್ಳಿ ಎನ್ನುತ್ತೇನೆ.

‘ಹಾಕಿದರೆ ಹೇಗೆ?’ ಎಂದು ಕೇಳಿದ್ದರೆ ಕುಳಿತು ಮಾತನಾಡಬಹುದಿತ್ತು. ನನ್ನ ತಕರಾರು ಆ ‘ಬಿಟ್ಟರೆ’ಯ ಮೇಲೆ. ಬಲ್ಬು ಹಾಕಿಬಿಡಬಹುದು, ಒಗ್ಗರಣೆ ಹಾಕಿಬಿಡಬಹುದು. ಇಂದಿನ ಹೆಮಿಯನ್ನು ಅದರ ಗೇರ್‌ಬಾಕ್ಸ್ ಸಮೇತ ಐವತ್ತು ವರ್ಷ ದಾಟಿದ ಗಾಡಿಯಲ್ಲಿ ಕೂರಿಸಬೇಕಾದರೆ ನೆಲದ ನಡುವಿನ ಉಬ್ಬನ್ನು ಕತ್ತರಿಸಿ ಅಗಲಿಸಬೇಕಾಗಬಹುದು. ಹೊಸ ಪೆಟ್ರೋಲ್ ಪಂಪ್ ಬೇಕು, ಕಂಪ್ಯೂಟರ್ ಬೇಕು, ಅದಕ್ಕೊಪ್ಪುವ ವೈರಿಂಗ್ ಬೇಕು. ಇದನ್ನು ಅಚ್ಚುಕಟ್ಟಾಗಿ ಮಾಡುವವರಿದ್ದಾರೆ, ಅವರ ಕೆಲಸ ನೋಡಿ ಹೊಟ್ಟೆಕಿಚ್ಚುಪಟ್ಟಿದ್ದೇನೆ. 318 ಘನ ಅಂಗುಲದ ಸಾಧಾರಣ ಎಂಜಿನ್ನಿನ ಚಾಲೆಂಜರ್ ನನ್ನ ಬಳಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಆದರೆ ಇದು ಟಿ/ಎ. ಟ್ರಾನ್ಸ್-ಆ್ಯಮ್ ಎಂಬ ಅಮೆರಿಕದ ಕಾರು ರೇಸಿನಲ್ಲಿ ಚಾಲೆಂಜರ್ ಓಡಿಸಬೇಕಾದರೆ ಅಂಥದೇ ಗಾಡಿಯನ್ನು ಜನರಿಗೂ ಮಾರಬೇಕೆಂಬ ನಿಯಮವಿದ್ದುದರಿಂದ ಡಾಡ್ಜ್ ಕಂಪನಿಯವರು 1970ರಲ್ಲಿ, ಆ ಒಂದೇ ವರ್ಷ, ಸುಮಾರು 2400 ಗಾಡಿಗಳನ್ನು ಮಾಡಿ ನಿಲ್ಲಿಸಿದರು. ಬಾನೆಟ್ಟು ಫೈಬರ್‌ಗ್ಲಾಸಿನದು, ಸೈಲೆನ್ಸರ್ ಕೊಳವೆಗಳು ಹಿಂದಿನ ಚಕ್ರದ ಮುಂದೆ ಪಕ್ಕಕ್ಕೆ ಬಾಯಿ ತೆರೆಯುತ್ತವೆ, ಮುಂದಿನ ಟೈರುಗಳಿಗಿಂತ ಹಿಂದಿನವು ದೊಡ್ಡವು. 340 ಘನ ಅಂಗುಲದ ಎಂಜಿನ್ನಿನ ನೆತ್ತಿಯ ಮೇಲೆ, ಪೆಟ್ರೋಲಿಗೆ ಗಾಳಿ ಬೆರೆಸುವ ಮೂರು ಕಾರ್ಬುರೇಟರ್‌ಗಳು ಸಾಲಾಗಿವೆ. ನಿಧಾನವಾಗಿ ಹೋಗುವಾಗ ನಡುವಿನದೊಂದೇ ದುಡಿಯುತ್ತದೆ. ಪೆಡಲನ್ನು ಪೂರ್ತಿ ತುಳಿದಾಗ ಹಿಂದಿನದೂ ಮುಂದಿನದೂ ನಿರ್ವಾತದ ಸೆಳೆತಕ್ಕೆ ಬಾಯಿ ಬಿಡುತ್ತವೆ, ಆಗ ಅದು ಉಸಿರೆಳೆದುಕೊಳ್ಳುವ ಸದ್ದು ಸೀಟಿನವರೆಗೂ ಕೇಳಿಸುತ್ತದೆ. ಎಂಜಿನ್ ಬದಲಾಯಿಸಿದರೆ ಉಳಿಯುವುದು ಚೆಂದದ ಬಾನೆಟ್ಟೊಂದೇ.

ಸ್ವಲ್ಪ ತಿಳಿದವರು ಇಲ್ಲಿ ಬಾಯಿ ಹಾಕುತ್ತಾರೆ: ‘ಆದರೆ ನಿಮ್ಮದು ಹುಟ್ಟಿದಾಗಿನ ಎಂಜಿನ್ ಅಲ್ಲವಲ್ಲ?’ ಅಲ್ಲ. ನಾನು ಕೊಂಡಾಗ ಅದರಲ್ಲಿ ಯಾವುದೋ ಗಾಡಿಯಿಂದ ತಂದ 318 ಇತ್ತು. ಪಕ್ಕದಲ್ಲಿ ‘340’ ಮತ್ತು ‘ಟಿಎ’ ಎಂದು ಎರಕದಲ್ಲೇ ಉಬ್ಬಿಬಂದ ಅಕ್ಷರಗಳಿರುವ ಬ್ಲಾಕೊಂದನ್ನು ಹುಡುಕುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಸಿಕ್ಕಮೇಲೆ ಒಬ್ಬರು, ಅದರ ಮೇಲಿನ ಹಳೆಯ ಸಂಖ್ಯೆಯನ್ನು ಉಜ್ಜಿ ಈ ಗಾಡಿಯದನ್ನೇ ಕೆತ್ತಿಸಿಬಿಡಿ, ಬೆಲೆ ಏರುತ್ತದೆ ಎಂದರು. ಮತ್ತೆ ‘ಬಿಡಿ’! ಅದು ಮೋಸ, ನಾನು ಮಾಡಲಿಲ್ಲ. ಹಾಗೆಂದು ನಾನು ಮಡಿವಂತನೂ ಅಲ್ಲ. ಸೀಸ ಬೆರೆತ ಪೆಟ್ರೋಲ್ ಈಗ ಬಂಕಿನಲ್ಲಿ ಸಿಗದಿರುವುದರಿಂದ ಗಟ್ಟಿ ವಾಲ್ವ್ ಸೀಟುಗಳನ್ನು ಕೂರಿಸಿದ್ದೇನೆ, ಎಥನಾಲ್ ತಡೆಯುವ ರಬ್ಬರ್ ಕೊಳವೆ ಹಾಕಿದ್ದೇನೆ, ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಪಾಯಿಂಟುಗಳ ಬದಲು ಪುಟ್ಟದೊಂದು ಎಲೆಕ್ಟ್ರಾನಿಕ್ ಉಪಕರಣ ಅಡಗಿದೆ, ಟೈರುಗಳು ರೇಡಿಯಲ್. ಸ್ಪ್ಯಾನರ್ ಹಿಡಿದು ಬಿಚ್ಚಬಹುದಾದುದನ್ನು ಧಾರಾಳವಾಗಿ ಬದಲಾಯಿಸುತ್ತೇನೆ, ಗರಗಸ ಬೇಡುವುದನ್ನು ಮುಟ್ಟುವುದಿಲ್ಲ. ವಾಲ್ವ್ ಸೀಟು ಸ್ಪ್ಯಾನರಿಗೆ ಬಗ್ಗುವುದಿಲ್ಲ ಎಂದು ವಾದಿಸುವವರಿಗೆ ನಮಸ್ಕಾರ.

ಈ ಪ್ರಶ್ನೆಗೆ ನಾನು ಸೋತದ್ದು ಒಮ್ಮೆ ಮಾತ್ರ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಗಾಡಿಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಸುಡುವ ಬಿಸಿಲು, ಆಮೆ ನಡಿಗೆಯ ಸಾಲು. ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಗೆಳೆಯನ ಭಾವ ಕುಳಿತಿದ್ದರು. ದಾರಿಯುದ್ದಕ್ಕೂ ಅವರಿಗೆ ಕಾರ್ಬುರೇಟರ್ ಮಹಿಮೆ ಬಣ್ಣಿಸುತ್ತಿದ್ದೆ. ಸಿಗ್ನಲ್ಲೊಂದರಲ್ಲಿ ಎಂಜಿನ್ ಕೆಮ್ಮಿ ನಿಂತಿತು: ಕಾರ್ಬುರೇಟರ್‌ಗಳಲ್ಲಿದ್ದ ಪೆಟ್ರೋಲ್ ಕಾವಿಗೆ ಕುದಿದು ಆವಿಯಾಗುತ್ತಿತ್ತು. ಇಬ್ಬರೂ ಇಳಿದು ಗಾಡಿಯನ್ನು ಬದಿಗೆ ತಳ್ಳಿ, ಬಾನೆಟ್ ಎತ್ತಿ, ತಣಿಯಲೆಂದು ಕಾದೆವು. ಅವರು ಡಬ್ಬಿ ತೆರೆದು ನನಗೂ ಅರ್ಧ ಕೊಟ್ಟು, ಎರಡು ತುತ್ತು ತಿಂದಮೇಲೆ, ಬಹಳ ಮೃದುವಾಗಿ ಆ ಪ್ರಶ್ನೆಯನ್ನೇ ಕೇಳಿದರು. ಬಾಯಲ್ಲಿ ಅವರದೇ ಅನ್ನ, ಏನು ಹೇಳಲಿ?

ಇತ್ತೀಚಿನವರು ಹೆಮಿಯನ್ನು ಬಿಟ್ಟು ‘ಎಲೆಕ್ಟ್ರಿಕ್ ಮೋಟಾರ್ ಹಾಕಿಬಿಡಿ’ ಎನ್ನುತ್ತಾರೆ. ನನ್ನ ಗಾಡಿ ತಯಾರಾದ, ಡೆಟ್ರಾಯಿಟ್‌ಗೆ ಅಂಟಿಕೊಂಡ ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಮೇನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದನ್ನು ಕೆಡವಿದ ನೆಲದಲ್ಲಿ ಜನರಲ್ ಮೋಟರ್ಸ್ ಕಟ್ಟಿದ ಕಾರ್ಖಾನೆಯಿಂದ ಎಲೆಕ್ಟ್ರಿಕ್ ಹಮ್ಮರ್‌ಗಳು ಹೊರಬಂದಿವೆ. ಬೇಕಾದವರು ಅದನ್ನೇ ಕೊಳ್ಳಲಿ, ಊರು ಒಂದೇ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಬಿಚ್ಚಿದಾಗ ಒಳಗೆ ಏನು ಸಿಕ್ಕಿತು? ಯಾವ ಗಾಡಿಗೆ ಯಾವ ಎಂಜಿನ್, ಯಾವ ಬಣ್ಣ, ಯಾವ ಸೀಟು ಎಂಬುದನ್ನು ಕೆಲಸಗಾರರಿಗೆ ತಿಳಿಸಲು ಕಾರ್ಖಾನೆಯಲ್ಲಿ ಬ್ರಾಡ್‌ಕಾಸ್ಟ್ ಶೀಟ್ ಎಂಬ ಸಂಕೇತಗಳ ಹಾಳೆ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಎಷ್ಟೋ ಸಲ ಸೀಟಿನ ಸ್ಪ್ರಿಂಗುಗಳ ನಡುವೆ ತುರುಕಿಬಿಡುತ್ತಿದ್ದರು. ನನ್ನ ಹಿಂದಿನ ಸೀಟಿನ ಅಡಿಯಲ್ಲೂ ಒಂದಿತ್ತು: ನಾಲ್ಕಾಗಿ ಮಡಚಿದ್ದು, ಒಂದು ಮೂಲೆ ಇಲಿಯ ಪಾಲಾದದ್ದು, ಉದ್ದಕ್ಕೂ ಸ್ಪ್ರಿಂಗಿನ ಸುರುಳಿಗಳು ತುಕ್ಕಿನಲ್ಲಿ ಅಚ್ಚೊತ್ತಿದ್ದು. ಚಿಮಟದಲ್ಲಿ ಬಿಡಿಸಿ, ಎರಡು ಗಾಜುಗಳ ನಡುವೆ ಇಟ್ಟು, ಎದೆ ಹೊಡೆದುಕೊಳ್ಳುತ್ತಿರಲು ಅದರಲ್ಲಿದ್ದ ಗಾಡಿಯ ಸಂಖ್ಯೆಯನ್ನು ಓದಿದೆ. 340ಕ್ಕೆ ‘ಜೆ’ ಎಂದಿರಬೇಕಾದಲ್ಲಿ 318ರ ‘ಜಿ’ ಇತ್ತು. ಬಣ್ಣ ಹಸಿರು. ಹಾಳೆ ನನ್ನ ಗಾಡಿಯದೇ ಅಲ್ಲ. ಯಾರೋ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿದ್ದರು.

ಅದು ಈಗಲೂ ಗ್ಯಾರೇಜಿನ ಗೋಡೆಯ ಮೇಲಿದೆ. ಹಾಗಾಗಿ 1970ರ ಹಸಿರು ಚಾಲೆಂಜರ್ ಎಲ್ಲಾದರೂ ಕಂಡರೆ, ಮುಂದಿನ ಗಾಜಿನ ಎಡಮೂಲೆಯಲ್ಲಿ ಕಾಣುವ ಸಂಖ್ಯೆಯ ಕೊನೆಯ ಆರು ಅಂಕಿಗಳನ್ನು ಬರೆದುಕೊಂಡು ಬನ್ನಿ. ಅದಕ್ಕೆ ಯಾರಾದರೂ ಹೊಸ ಹೆಮಿ ಹಾಕಿಬಿಟ್ಟಿದ್ದರೂ ಚಿಂತೆಯಿಲ್ಲ, ಕಾಗದವನ್ನು ಕೊಟ್ಟುಬಿಡುತ್ತೇನೆ.