ಹುಷಾರಿಲ್ಲ ಅಂತ ರಿಸೈನ್ ಮಾಡಬೇಕಾ?

ಅಂಗಡಿ, ಶೋರೂಮ್, ಸಣ್ಣ ಆಫೀಸುಗಳಲ್ಲಿ ಕೆಲಸ ಮಾಡುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಡೆಂಗ್ಯೂ ಬಂದು ಮಲಗಿದ್ದೇನೆ. ರಿಸೈನ್ ಮಾಡು, ಹುಷಾರಾದ ಮೇಲೆ ಬಂದು ಸೇರ್ಕೋ ಅಂತಿದ್ದಾರೆ ಮ್ಯಾನೇಜರ್. ಬರೆದುಕೊಡಲಾ?"

ಬೇಡ. ಜ್ವರದಲ್ಲಿ ಮಲಗಿರುವಾಗ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ವಾಟ್ಸಾಪ್‌ನಲ್ಲಿ "ಸರಿ ಸಾರ್, ಬಿಡ್ತೀನಿ" ಅಂತಲೂ ಕಳಿಸಬೇಡಿ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ 1961ರ ಕಾಯ್ದೆ ಇದೆ. ಆರು ತಿಂಗಳು ಸತತವಾಗಿ ದುಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಬದಲು ಅಷ್ಟು ಸಂಬಳ ಕೊಡಬೇಕು ಅಂತ ಅದು ಹೇಳುತ್ತದೆ. ನೀವಾಗಿಯೇ ಬಿಟ್ಟೆ ಅಂತ ಬರೆದುಕೊಟ್ಟರೆ ಮಾಲೀಕರಿಗೆ ಇದ್ಯಾವುದರ ತಲೆನೋವೂ ಇಲ್ಲ. "ಮತ್ತೆ ಸೇರ್ಕೋ" ಅನ್ನುವುದು ಬರೀ ಬಾಯಿಮಾತು.

ಇನ್ನು ಸಂಬಳದ ವಿಷಯ. ಅದೇ ಕಾಯ್ದೆಯಲ್ಲಿ ಕಾಯಿಲೆ, ಅಪಘಾತದಂಥ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಅದು ಸಾಲದಿದ್ದರೆ ಪೇಸ್ಲಿಪ್ ತೆಗೆದು ನೋಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ, ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇದ್ದರೆ ಇ.ಎಸ್.ಐ. (ನೌಕರರ ಸರ್ಕಾರಿ ವಿಮೆ) ಅಂತ ಒಂದು ಸಾಲು ಇರಬೇಕು. 16,000 ಸಂಬಳಕ್ಕೆ ನಿಮ್ಮಿಂದ 120 ರೂಪಾಯಿ ಹಿಡಿಯುತ್ತಾರೆ, ಮಾಲೀಕರು 520 ಸೇರಿಸಿ ಕಟ್ಟಬೇಕು. ಆರು ತಿಂಗಳ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ನಿಮ್ಮ ಹೆಸರಲ್ಲಿ ಹಣ ಕಟ್ಟಿದ್ದರೆ, ಅದಕ್ಕೆ ಹೊಂದುವ ಮುಂದಿನ ಅವಧಿಯಲ್ಲಿ ಕಾಯಿಲೆ ಬಿದ್ದಾಗ ದಿನಗೂಲಿಯ ಶೇಕಡ 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ 600 ಬರುತ್ತಿದ್ದರೆ 420. ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಇದು ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಡುವ ದುಡ್ಡಲ್ಲ, ಇ.ಎಸ್.ಐ. ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತದೆ. ಆದರೆ ಇ.ಎಸ್.ಐ. ಡಿಸ್ಪೆನ್ಸರಿಯ ಡಾಕ್ಟರ ಸರ್ಟಿಫಿಕೇಟ್ ಬೇಕು, ಹಾಗಾಗಿ ಎದ್ದು ಓಡಾಡುವಷ್ಟಾದ ಮೇಲೆ ಹೋದರಾಯಿತು ಅಂತ ಕಾಯಬೇಡಿ, ಮೊದಲೇ ಹೋಗಿ ತೋರಿಸಿ. ಹಣ ಹಿಡಿದು ಕಟ್ಟದೇ ಇರುವವರೂ ಇದ್ದಾರೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಇ.ಎಸ್.ಐ. ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ ಕಂತು ಬಿದ್ದಿದೆಯಾ ಅಂತ ಆಗಾಗ ನೋಡಿಕೊಳ್ಳಿ.

ನಿಜವಾಗಿಯೂ ಬಿಡುವ ಮನಸ್ಸಿದ್ದರೆ ಬಿಡಿ, ಅದು ನಿಮ್ಮಿಷ್ಟ. ನೋಟಿಸ್ ಎಷ್ಟು ದಿನ ಅಂತ ಅಪಾಯಿಂಟ್‌ಮೆಂಟ್ ಲೆಟರ್ ನೋಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಪ್ರಕಾರ, ಬಿಟ್ಟ ಮೇಲೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು.

ಸದ್ಯಕ್ಕೆ ಮ್ಯಾನೇಜರ್‌ಗೆ ಇಷ್ಟು ಮೆಸೇಜ್ ಹಾಕಿ: "ಸಾರ್, ನಾನು ಕೆಲಸ ಬಿಡುತ್ತಿಲ್ಲ. ಹುಷಾರಿಲ್ಲದ ಕಾರಣ ರಜೆಯಲ್ಲಿದ್ದೇನೆ, ಡಾಕ್ಟರ ಚೀಟಿ ಇದರ ಜೊತೆಗಿದೆ."