240ಡಿ ಕಾರು: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸದ್ಯಕ್ಕೆ ಉಳಿಯಿತು

ಈ ಬಾರಿಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಇಳಿಸಲಿಲ್ಲ. 1982ರ ಮರ್ಸಿಡಿಸ್ 240ಡಿ ಕಾರಿನ ನಾಲ್ಕು ಗೇರಿನ ಆಟೋಮ್ಯಾಟಿಕ್ ತನ್ನ ಜಾಗದಲ್ಲೇ ಇದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂತೆ ಆಗುತ್ತಿದ್ದದ್ದು ಬಹುಮಟ್ಟಿಗೆ ನಿಂತಿದೆ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಂದು ಕ್ಷಣ ಸುಮ್ಮನೆ ಕೂಗುವುದು ಮಾತ್ರ ಅಲ್ಪಸ್ವಲ್ಪ ಉಳಿದಿದೆ.

ಬೆಳಗಾವಿಯ ಉದ್ಯಮಬಾಗದ ಮೇಸ್ತ್ರಿಯವರ ಸಲಹೆ ಬೇರೆಯೇ ಆಗಿತ್ತು. “ಸಾಹೇಬರೇ, ಇದರ ಸಹವಾಸ ಬಿಡಿ. ಟೆಂಪೋ ಟ್ರ್ಯಾಕ್ಸಿನ ಗೇರ್‌ಬಾಕ್ಸ್ ಕೂರಿಸೋಣ, ಎಂಜಿನ್ ಒಂದೇ ತಾಯಿಯ ಮಗು.” ಮಾತು ಸುಳ್ಳಲ್ಲ. 240ಡಿಯ ಓಎಂ616 ಡೀಸೆಲ್ ಎಂಜಿನ್ನನ್ನೇ ಪುಣೆಯ ಬಜಾಜ್ ಟೆಂಪೋ, ಅಂದರೆ ಈಗಿನ ಫೋರ್ಸ್ ಮೋಟರ್ಸ್, ಪರವಾನಗಿ ಪಡೆದು ತಯಾರಿಸಿತು. ಅದರಿಂದಾಗಿಯೇ ಈ ಜರ್ಮನ್ ಕಾರಿನ ಎಂಜಿನ್ನಿಗೆ ಬೇಕಾದ ಎಷ್ಟೋ ಸಾಮಾನು ನಮ್ಮಲ್ಲಿ ಟೆಂಪೋ ಅಂಗಡಿಯಲ್ಲೇ ಸಿಗುತ್ತದೆ. ಎಂಜಿನ್ ವಿಷಯದಲ್ಲಿ ನಾನು ಪುಣ್ಯವಂತ.

ಆದರೆ ಆಟೋಮ್ಯಾಟಿಕ್ ತೆಗೆದು ಕ್ಲಚ್ ಒತ್ತಿ ಕೈಯಿಂದ ಬದಲಿಸುವ ಗೇರ್‌ಬಾಕ್ಸ್ ಕೂರಿಸುವುದೆಂದರೆ ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬಿಗಿಯುವ ಕೆಲಸವಲ್ಲ. ತೆಳುವಾದ ಫ್ಲೆಕ್ಸ್ ಪ್ಲೇಟಿನ ಜಾಗಕ್ಕೆ ಭಾರದ ಫ್ಲೈವೀಲ್ ಬರಬೇಕು, ಅದು ಈ ಕ್ರ್ಯಾಂಕಿಗೆ ಸರಿಹೊಂದುವಂತೆ ಬ್ಯಾಲೆನ್ಸ್ ಆಗಬೇಕು. ಕ್ರ್ಯಾಂಕಿನ ತುದಿಗೆ ಪೈಲಟ್ ಬೇರಿಂಗ್ ಬೇಕು. ಕ್ಲಚ್ ಪೆಡಲ್, ಮಾಸ್ಟರ್ ಸಿಲಿಂಡರ್, ಪೈಪು ಬೇಕು. ಗೇರ್‌ಬಾಕ್ಸಿನ ಹಿಂಬದಿಯ ಮೌಂಟ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಎಲ್ಲವನ್ನೂ ಹೊಸದಾಗಿ ಅಳೆಯಬೇಕು. ಇಷ್ಟೆಲ್ಲ ಆದ ಮೇಲೆ ಕೈಗೆ ಬರುವುದು ಭಾರ ಎಳೆಯಲೆಂದು ಮಾಡಿದ, ಮೊದಲ ಗೇರ್ ತೀರಾ ತಗ್ಗಾಗಿರುವ ಗೇರ್‌ಬಾಕ್ಸ್. ಕಾರಿನಲ್ಲಿರುವುದು 72 ಅಶ್ವಶಕ್ತಿ. ಅದು ಹೇಗೂ ಓಡುವ ಕುದುರೆಯಲ್ಲ, ಸರಿ. ಹಾಗೆಂದು ಸಾಮಾನು ಗಾಡಿ ಮಾಡುವ ಆಸೆಯೂ ನನಗಿಲ್ಲ.

ಕಾನೂನಿನ ಅಂಜಿಕೆಯಿಂದ ಮೂಲ ಗೇರ್‌ಬಾಕ್ಸ್ ಉಳಿಸಿಕೊಂಡೆ ಎಂದು ಕೆಲವರು ತಿಳಿದಿದ್ದಾರೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಕ್ಕೆ ಕಾರು 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಗೇರ್‌ಬಾಕ್ಸಿನ ಹೆಸರನ್ನು ಅದು ಎತ್ತಿ ಹೇಳುವುದಿಲ್ಲ, ನನ್ನ ಕಾರಿಗೆ ಆ ವಯಸ್ಸೂ ಆಗಿಲ್ಲ. ನನ್ನ ಕಾರಣ ಬೇರೆ. ಹೈಡ್ರಾಲಿಕ್ ಸಿಲಿಂಡರ್ ತಯಾರಿಸಿ ಹೊಟ್ಟೆ ಹೊರೆಯುವವನು ನಾನು. ಸಿಲಿಂಡರ್ ಸರಿಯಾಗಿ ಕೆಲಸ ಮಾಡದಿದ್ದರೆ ಮೊದಲು ಅದಕ್ಕೆ ಬರುವ ಒತ್ತಡವನ್ನು ನೋಡುತ್ತೇವೆಯೇ ಹೊರತು ಸಿಲಿಂಡರನ್ನೇ ಗುಜರಿಗೆ ಹಾಕುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಮಾತ್ರ ಬೇರೆ ನ್ಯಾಯ ಏಕೆ?

ರೋಗ ಸಿಕ್ಕಿದ್ದು ಹಿಂಬಾಗಿಲಿನಲ್ಲಿ. ನಗಬೇಡಿ, ವಿವರಿಸುತ್ತೇನೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿಯಲ್ಲೇ ನಿರ್ವಾತ, ಅಂದರೆ ವ್ಯಾಕ್ಯೂಮ್, ಸಿಗುತ್ತದೆ. ಡೀಸೆಲ್ಲಿನಲ್ಲಿ ಅದು ಸಿಗದ ಕಾರಣ ಎಂಜಿನ್ನಿನ ಮುಂಬದಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಕೊಟ್ಟಿದ್ದಾರೆ. ಬ್ರೇಕ್ ಬೂಸ್ಟರ್, ಎಂಜಿನ್ ನಿಲ್ಲಿಸುವ ಕವಾಟ, ಬಾಗಿಲುಗಳ ಸೆಂಟ್ರಲ್ ಲಾಕ್, ಗೇರ್ ಎಷ್ಟು ಗಟ್ಟಿಯಾಗಿ ಬದಲಾಗಬೇಕೆಂದು ಗೇರ್‌ಬಾಕ್ಸಿಗೆ ಹೇಳುವ ಮಾಡ್ಯುಲೇಟರ್, ಇವಿಷ್ಟೂ ಆ ಒಂದೇ ಪಂಪಿನ ಮನೆಮಂದಿ. ಮಾಡ್ಯುಲೇಟರಿಗೆ ವ್ಯಾಕ್ಯೂಮ್ ಜಾಸ್ತಿ ಬಂದರೆ ‘ಕಾಲು ಹಗುರವಾಗಿದೆ, ಮೆತ್ತಗೆ ಬದಲಿಸು’ ಎಂದರ್ಥ. ಕಡಿಮೆಯಾದರೆ ‘ಚಾಲಕ ಜೋರಾಗಿ ಒತ್ತಿದ್ದಾನೆ, ಗಟ್ಟಿಯಾಗಿ ಹಿಡಿ’ ಎಂದರ್ಥ. ಎಲ್ಲೋ ಸೋರಿ ವ್ಯಾಕ್ಯೂಮ್ ತಗ್ಗಿತೆಂದರೆ, ಗೋಗಟೆ ವೃತ್ತದ ಬಳಿ ತೆವಳುತ್ತಿರುವ ಕಾರು ಕೂಡ ಘಾಟಿ ಹತ್ತುತ್ತಿದ್ದೇನೆಂದು ತಿಳಿದು ಗೇರನ್ನು ಅಪ್ಪಳಿಸುತ್ತದೆ.

ಸುಳಿವು ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಕೀಲಿ ತಿರುಗಿಸಿ ತೆಗೆದ ಮೇಲೂ ಎಂಜಿನ್ ಒಂದಿಷ್ಟು ಹೊತ್ತು ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ನಿಲ್ಲಿಸುವ ಕವಾಟಕ್ಕೂ ವ್ಯಾಕ್ಯೂಮ್ ಸಾಲದು, ಗೇರ್‌ಬಾಕ್ಸಿಗೂ ಸಾಲದು. ಕೈಪಂಪಿನ ಗೇಜ್ ಹಚ್ಚಿ ಒಂದೊಂದೇ ಕವಲನ್ನು ಮುಚ್ಚುತ್ತ ಹೋದೆ. ಮಾಡ್ಯುಲೇಟರಿನ ಕೊಳವೆ ಕಳಚಿ ನೋಡಿದಾಗ ಒಳಗೆ ಎಣ್ಣೆಯ ಪಸೆ ಇರಲಿಲ್ಲ, ಅಂದರೆ ಅದರೊಳಗಿನ ರಬ್ಬರ್ ಪರದೆ, ಡಯಾಫ್ರಾಮ್, ಹರಿದಿಲ್ಲ. ಅದಕ್ಕೆ ಕೊಟ್ಟ ವ್ಯಾಕ್ಯೂಮ್ ಗೇಜಿನಲ್ಲಿ ಹಾಗೇ ನಿಂತಿತು. ಲಾಕುಗಳ ಕವಲಿಗೆ ಬಂದಾಗ ಮುಳ್ಳು ಜಾರಿತು. ಎಡ ಹಿಂಬಾಗಿಲಿನ ಪ್ಯಾನೆಲ್ ಬಿಚ್ಚಿದರೆ ಲಾಕಿನ ಡಯಾಫ್ರಾಮ್ ಒಣಗಿ, ಅಂಚಿನಲ್ಲಿ ಉಗುರಿನಷ್ಟು ಸೀಳಿತ್ತು. ಸದ್ಯಕ್ಕೆ ಲಾಕುಗಳ ಕವಲನ್ನೇ ಬಿರಡೆ ಹಾಕಿ ಮುಚ್ಚಿದ್ದೇನೆ. ಬಾಗಿಲುಗಳನ್ನು ಕೈಯಿಂದಲೇ ಹಾಕಿಕೊಳ್ಳುತ್ತೇವೆ, ಅದಕ್ಕೇನು ಮಹಾ. ಆ ದಿನವೇ ಕೀಲಿ ತಿರುಗಿಸಿದೊಡನೆ ಎಂಜಿನ್ ನಿಂತಿತು, ಗುದ್ದು ಅರ್ಧಕ್ಕರ್ಧ ಇಳಿಯಿತು.

ಆಮೇಲೆ ಎಣ್ಣೆ. ಇದರಲ್ಲಿ ಪ್ಯಾನ್ ಬಿಚ್ಚಿದರೆ ಬರುವುದು ಒಂದು ಭಾಗ ಮಾತ್ರ, ಉಳಿದದ್ದು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಪುಣ್ಯಕ್ಕೆ ಈ ಕನ್ವರ್ಟರಿಗೆ ಡ್ರೇನ್ ಬೋಲ್ಟ್ ಕೊಟ್ಟಿದ್ದಾರೆ. ಕ್ರ್ಯಾಂಕ್ ಪುಲ್ಲಿಗೆ 27ರ ಸಾಕೆಟ್ ಹಾಕಿ ಎಂಜಿನ್ನನ್ನು ನಿಧಾನವಾಗಿ, ಅದು ಓಡುವ ದಿಕ್ಕಿನಲ್ಲೇ ತಿರುಗಿಸಬೇಕು. ಕೆಳಗೆ ಮಲಗಿದವನಿಗೆ ಕಿಂಡಿಯಲ್ಲಿ ಬೋಲ್ಟಿನ ತಲೆ ಕಾಣುವ ತನಕ. ನಾನು ಮಲಗಿದ್ದೆ, ಮಗಳು ತಿರುಗಿಸಿದಳು. “ಅಪ್ಪಾ, ಬಂತಾ?” ಎಂದು ಅವಳು ಕೇಳಿದಾಗಲೆಲ್ಲ ಬೋಲ್ಟ್ ಇನ್ನೂ ಆಚೆಗೇ ಇರುತ್ತಿತ್ತು. ಇಳಿದ ಎಣ್ಣೆ ಕಂದುಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಪ್ಯಾನಿನ ತಳದಲ್ಲಿ ಬೂದುಬಣ್ಣದ ನಯವಾದ ಪದರ, ಬೆರಳಿಗೆ ಚುಚ್ಚುವ ಲೋಹದ ಚೂರಿಲ್ಲ. ಅದನ್ನು ನೋಡಿದ ಮೇಲೆಯೇ ಒಳಗಿನ ಕ್ಲಚ್ ಪ್ಲೇಟುಗಳ ಬಗ್ಗೆ ಧೈರ್ಯ ಬಂತು. ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್ ಹಾಕಿ ಸುಮಾರು ಆರು ಲೀಟರ್ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ತುಂಬಿಸಿದೆ. ಮಟ್ಟವನ್ನು ಬಿಸಿ ಎಂಜಿನ್ ಓಡುತ್ತಿರುವಾಗ ಲಿವರನ್ನು ‘ಪಿ’ಯಲ್ಲಿ (ಪಾರ್ಕಿಂಗ್) ಇಟ್ಟು ನೋಡಬೇಕು. ಕಡ್ಡಿಯನ್ನು ಎಳೆ ಬಿಡುವ ಹತ್ತಿಬಟ್ಟೆಯಿಂದ ಒರೆಸಬಾರದು. ಒಂದು ದಾರದ ತುಣುಕು ಸಾಕು, ಎಣ್ಣೆಯ ದಾರಿ ಬದಲಿಸುವ ಕವಾಟಗಳ ಪೆಟ್ಟಿಗೆಯಾದ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಳ್ಳಲು.

ಇನ್ನುಳಿದ ಕೂಗಿಗೆ ಮಾಡ್ಯುಲೇಟರಿನ ತಿರುಪು. ರಬ್ಬರ್ ಟೊಪ್ಪಿಗೆ ತೆಗೆದರೆ ಇಂಗ್ಲಿಷ್ ಟೀ ಅಕ್ಷರದಂಥ ಪುಟ್ಟ ಹಿಡಿ. ಹೊರಗೆಳೆದು ಪ್ರದಕ್ಷಿಣೆಯಾಗಿ ತಿರುಗಿಸಿದರೆ ಒತ್ತಡ ಏರಿ ಬದಲಾವಣೆ ಗಟ್ಟಿಯಾಗುತ್ತದೆ, ಅಪ್ರದಕ್ಷಿಣೆಯಾದರೆ ಮೆತ್ತಗಾಗುತ್ತದೆ. ವ್ಯಾಕ್ಯೂಮ್ ಸರಿಪಡಿಸದೆ ಇದಕ್ಕೆ ಕೈಹಾಕುವವರೇ ಹೆಚ್ಚು. ನನ್ನ ಕಾರಿಗೂ ಹಿಂದೊಮ್ಮೆ ಯಾರೋ ಹಾಗೆಯೇ ಮಾಡಿದ್ದರೆಂದು ಕಾಣುತ್ತದೆ, ಗುದ್ದು ಕಡಿಮೆ ಮಾಡಲು ತೀರಾ ಮೆತ್ತಗೆ ತಿರುಗಿಸಿಟ್ಟಿದ್ದರು. ಎರಡು-ಮೂರರ ನಡುವೆ ಎಂಜಿನ್ ಕೂಗುತ್ತಿದ್ದದ್ದು ಅದಕ್ಕೇ. ಸ್ವಲ್ಪ ಸ್ವಲ್ಪವೇ ಗಟ್ಟಿ ಮಾಡುತ್ತ ಬಂದಿದ್ದೇನೆ.

ಗೇರ್ ಲಿವರಿನ ಕೊಂಡಿಗಳ ಪ್ಲಾಸ್ಟಿಕ್ ಬುಶ್‌ಗಳು ಪುಡಿಯಾಗಿದ್ದವು. ನೈಲಾನ್ ಸರಳಿನಿಂದ ನಮ್ಮ ಲೇತ್‌ನಲ್ಲೇ ಹೊಸದನ್ನು ತೆಗೆದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಪರೀಕ್ಷೆಗೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗಿ ಬಂದೆ. ಇಳಿಯುವಾಗ ‘ಎಸ್’ಗೆ ಹಾಕಿದರೆ ಮೂರನೇ ಗೇರಿನ ಮೇಲೆ ಹೋಗುವುದಿಲ್ಲ, ‘ಎಲ್’ಗೆ ಹಾಕಿದರೆ ಎರಡರಲ್ಲೇ ನಿಲ್ಲುತ್ತದೆ, ಎಂಜಿನ್ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದಿಲ್ಲ. ಹತ್ತುವಾಗ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ಪೆಡಲನ್ನು ತಳಕ್ಕೆ ಒತ್ತಿದರೂ ಕೆಳಗಿನ ಗೇರಿಗೆ ಇಳಿಯಲೇ ಇಲ್ಲ. ಕಿಕ್‌ಡೌನ್ ಸತ್ತಿದೆ. ಪೆಡಲಿನಡಿಯ ಸ್ವಿಚ್ಚಿನಿಂದ ಗೇರ್‌ಬಾಕ್ಸಿನ ಸೊಲೆನಾಯ್ಡಿಗೆ ಹೋಗುವ ವಿದ್ಯುತ್ ಸಂಪರ್ಕವದು. ಫ್ಯೂಸ್ ಸರಿಯಿದೆ. ಮುಂದಿನ ಭಾನುವಾರ ಕಾರ್ಪೆಟ್ ಎತ್ತಿ ಸ್ವಿಚ್ಚಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಬೇಕು.