ಬೋಗುಣಿಯ ತಳಕ್ಕೆ ಕೊನೆಗೂ ತವರ ಹಿಡಿಯಿತು

ಹಿಡಿಯಿತು! ಮಳೆಗಾಲವಿಡೀ ನನ್ನನ್ನು ಸತಾಯಿಸಿದ ಅಂಗೈಯಗಲದ ಬೂದು ಕಲೆಯ ಮೇಲೆ ಈಗ ಅಂಚಿನಿಂದ ಅಂಚಿಗೆ ಬೆಳ್ಳನೆಯ ಕಲಾಯಿ, ಅಂದರೆ ತಾಮ್ರದ ಒಳಮೈಗೆ ಹಿಡಿಸುವ ತವರದ ಪದರ, ಕೂತಿದೆ. ಬೋಗುಣಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಎಲ್ಲ ಕಡೆಯಿಂದ ನೋಡಿದೆ. ಎಲ್ಲಿಯೂ ಒಂದು ಕೆಂಪು ಚುಕ್ಕೆ ಇಣುಕುತ್ತಿಲ್ಲ. ನೆಗ್ಗು ತೆಗೆದದ್ದು, ಕಿವಿಯ ರಿವೆಟ್ ಬದಲಿಸಿದ್ದು, ಹೊರಮೈಯ ಮಸಿ ಉಜ್ಜಿದ್ದು ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವ ಸಂಗತಿಗಳೇ. ಅವನ್ನೆಲ್ಲ ಬಿಟ್ಟು ಆ ಕಲೆಯೊಂದರ ಬಗ್ಗೆ ಮಾತ್ರ ಬರೆಯುತ್ತೇನೆ. ಏಕೆಂದರೆ ಇದೇ ತೊಂದರೆಗೆ ಬೇಸತ್ತು ಒಳ್ಳೆಯ ತಾಮ್ರವನ್ನು ಗುಜರಿಗೆ ಹಾಕಿದವರನ್ನು ಶಿರಸಿಯಲ್ಲೇ ನಾನು ಬಲ್ಲೆ.

ಬೋಗುಣಿ ಸಿದ್ದಾಪುರದ ಕಡೆಯ ನಮ್ಮ ಅತ್ತೆಯ ಮನೆಯದು. ವಿಶೇಷದ ದಿನಗಳಲ್ಲಿ ಅಪ್ಪೆಹುಳಿ ಮಾಡುತ್ತಿದ್ದ ಪಾತ್ರೆ, ಕಲಾಯಿ ಹೋದ ಮೇಲೆ ಅಟ್ಟ ಸೇರಿತ್ತು. ನಮ್ಮ ಕಡೆ ಹುಳಿಯಿಲ್ಲದೆ ಊಟವೇ ಇಲ್ಲ: ಅಪ್ಪೆಮಿಡಿ, ಮುರುಗಲು, ವಾಟೆಹುಳಿ, ಮಜ್ಜಿಗೆ. ಬರಿಯ ತಾಮ್ರಕ್ಕೆ ಇವುಗಳಲ್ಲಿ ಒಂದೂ ಆಗಿಬರುವುದಿಲ್ಲ, ಕಿಲುಬು ಏಳುತ್ತದೆ. ಮಳೆ ಕಳೆದ ಮೇಲೆ ಊರೂರಿಗೆ ಬಂದು ಅಂಗಳದ ಮೂಲೆಯಲ್ಲಿ ಕುಳಿ ತೋಡಿ ತಿದಿ ಹೂಡುತ್ತಿದ್ದ ಕಲಾಯಿಯವರು ಈಗ ಬರುವುದಿಲ್ಲ. ಹಾಗಾಗಿ ನಮ್ಮ ಪಾತ್ರೆಗಳನ್ನು ನಾವೇ ನೋಡಿಕೊಳ್ಳಬೇಕು.

ತೊಂದರೆ ಹೀಗಿತ್ತು. ಗೋಡೆಗೆ ತವರ ಸೊಗಸಾಗಿ ಹಿಡಿಯುತ್ತಿತ್ತು. ತಳದ ಸುತ್ತಲೂ ಹಿಡಿಯುತ್ತಿತ್ತು. ನಡುವಿನ ಆ ಜಾಗಕ್ಕೆ ಬಂದ ಕೂಡಲೇ ಕರಗಿದ ತವರ ಹಿಂದೆ ಸರಿದು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಮಣಿಮಣಿಯಾಗಿ ಉರುಳುತ್ತಿತ್ತು. ಹತ್ತಿಯಿಂದ ಒತ್ತಿ ಒರೆಸಿದರೆ ಒಂದು ಕ್ಷಣ ಹರಡಿದಂತೆ ಕಾಣುತ್ತಿತ್ತು, ಕೈ ತೆಗೆದೊಡನೆ ಮತ್ತೆ ಸರಿಯುತ್ತಿತ್ತು. ಇನ್ನಷ್ಟು ಕಾಯಿಸಿದರೆ ಸುತ್ತಲಿನ ಒಳ್ಳೆಯ ಕಲಾಯಿಯೂ ಹಳದಿಗೆ ತಿರುಗುತ್ತಿತ್ತು. ಹೊಟ್ಟೆ ಉರಿಯುವ ಸಂಗತಿ ಇದು.

ಮೊದಲು ಅನುಮಾನ ಹೋದದ್ದು ತವರದ ಮೇಲೆ. ಅದು ಹೋಗಲೇಬೇಕಿತ್ತು. ಪೇಟೆಯ ಅಂಗಡಿಯೊಂದರಲ್ಲಿ ‘ಅಸಲಿ ತವರ’ ಎಂದು ಕೊಟ್ಟ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ. ಶುದ್ಧ ತವರವಾದರೆ ಬಗ್ಗುವಾಗ ಒಳಗಿನ ಹರಳುಗಳು ಮಗ್ಗುಲು ಬದಲಿಸಿ ಚಟಚಟ ಎಂದು ಸಣ್ಣಗೆ ಅಳುತ್ತವೆ. ಈ ಕಡ್ಡಿ ಮೂಕಾಗಿತ್ತು. ಕಬ್ಬಿಣದ ಸೌಟಿನಲ್ಲಿ ತುಂಡೊಂದನ್ನು ಕರಗಿಸಿ, ಮಲ್ಟಿಮೀಟರಿನ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಅದ್ದಿ ಆರಲು ಬಿಟ್ಟೆ. ಶುದ್ಧ ತವರವಾಗಿದ್ದರೆ ಅಂಕಿ 232 ಡಿಗ್ರಿಯ ಹತ್ತಿರ ನಿಂತು, ಲೋಹ ಪೂರ್ತಿ ಗಟ್ಟಿಯಾದ ಮೇಲೆ ಕೆಳಗಿಳಿಯಬೇಕು. ಇದು 232ನ್ನು ದಾಟಿ ಸರಸರನೆ ಇಳಿದು 183ರ ಹತ್ತಿರ ಬಂದು ನಿಂತಿತು. ಅಂದರೆ ಸೀಸ ಬೆರೆತ ಬೆಸುಗೆ, ರೇಡಿಯೋ ರಿಪೇರಿಗೆ ಹಾಕುವ ಜಾತಿಯದು. ಕೇಳಿದರೆ “ಎಲ್ಲರೂ ಇದನ್ನೇ ಒಯ್ಯುತ್ತಾರೆ, ಬೇಗ ಕರಗುತ್ತದೆ” ಎಂಬ ಉತ್ತರ. ಬೇಗ ಕರಗುತ್ತದೆ, ನಿಜ. ಹುಳಿಗೆ ಬೇಗ ಬಿಟ್ಟುಕೊಳ್ಳುತ್ತದೆ ಎಂಬುದೂ ನಿಜ. ಮಕ್ಕಳು ಉಣ್ಣುವ ಪಾತ್ರೆಗೆ ಸೀಸ ಬಳಿಯುವ ಪದಾರ್ಥವನ್ನು ತವರದ ಬೆಲೆಗೆ ಮಾರುವುದು ವ್ಯಾಪಾರವಲ್ಲ. ಕಡ್ಡಿ ಕೊಳ್ಳುವ ಮೊದಲು ದಯವಿಟ್ಟು ಬಗ್ಗಿಸಿ ಕೇಳಿ. ಬಗ್ಗಿಸಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ಕಡ್ಡಿಯ ಬದಲು ಬಗ್ಗಿಸಲಾಗದ ದಪ್ಪ ಗಟ್ಟಿಯಾಗಿದ್ದರೆ ತೂಗಿ, ನೀರಿನಲ್ಲಿ ಮುಳುಗಿಸಿ ಸಾಂದ್ರತೆ ತೆಗೆಯಿರಿ: ತವರ ಒಂದು ಘನ ಸೆಂಟಿಮೀಟರಿಗೆ 7.3 ಗ್ರಾಂ, ಸೀಸ 11.3. ನಡುವೆ ಎಲ್ಲಿ ಬಂದರೂ ಅಡುಗೆಮನೆಗೆ ಬೇಡ.

ಹುಬ್ಬಳ್ಳಿಯಿಂದ ಬೇರೆ ತವರ ತರಿಸಿದೆ. ಇದು ಚೆನ್ನಾಗಿ ಅತ್ತಿತು, 232ರ ಹತ್ತಿರ ನಿಂತಿತು. ಆದರೂ ಆ ಕಲೆಯ ಮೇಲೆ ಅದೇ ಮಣಿಗಳು.

ಆಮೇಲೆ ಅನುಮಾನ ನವಸಾಗರದ ಮೇಲೆ, ಅಂದರೆ ತವರ ಹಿಡಿಯುವಂತೆ ಕಾದ ಪಾತ್ರೆಗೆ ಉದುರಿಸುವ ಅಮೋನಿಯಂ ಕ್ಲೋರೈಡ್ ಪುಡಿಯ ಮೇಲೆ. ಶಿರಸಿಯ ಮಳೆಗಾಲದಲ್ಲಿ ಅದು ಡಬ್ಬಿಯೊಳಗೇ ಬೆವರಿ ಗಟ್ಟಿಯಾಗುತ್ತದೆ. ಬಾಣಲೆಯಲ್ಲಿ ಹದವಾಗಿ ಒಣಗಿಸಿ, ಪುಡಿ ಮಾಡಿ, ಬಾಟಲಿಗೆ ಬಿರಡೆ ಬಿಗಿದು ಇಟ್ಟೆ. ಕಾದ ಪಾತ್ರೆಗೆ ಬಿದ್ದಾಗ ನವಸಾಗರ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ಆ ಎರಡನೆಯದು ತಾಮ್ರದ ಮೇಲಿನ ಆಕ್ಸೈಡನ್ನು ತಿಂದು ದಾರಿ ಮಾಡಿಕೊಡುತ್ತದೆ. ಕಲೆಯಿಂದ ಎರಡು ಬೆರಳು ಆಚೆ ಇದೇ ಪುಡಿ ಚೊಕ್ಕವಾಗಿ ಕೆಲಸ ಮಾಡುತ್ತಿತ್ತು. ಹಾಗಿದ್ದಮೇಲೆ ಪುಡಿಯ ತಪ್ಪೇನೂ ಇಲ್ಲ. ಇಂಥ ಸಂದರ್ಭದಲ್ಲಿ ಆಸಿಡ್ ಸುರಿದು ನೋಡುವವರಿದ್ದಾರೆ. ನನ್ನ ಕೊಟ್ಟಿಗೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ಅದರ ಹಬೆಗೆ ಗೋಡೆಯ ಮೇಲಿನ ಉಳಿ, ಬಾಚಿ, ಗರಗಸಗಳೆಲ್ಲ ತುಕ್ಕು ಹಿಡಿಯುತ್ತವೆ. ತಲೆಮಾರಿನಿಂದ ಉಳಿದು ಬಂದ ಹತ್ಯಾರುಗಳನ್ನು ಒಂದು ಪಾತ್ರೆಗಾಗಿ ಬಲಿಕೊಡಲು ನಾನು ಸಿದ್ಧನಿಲ್ಲ.

ಶಾಖವೂ ಕಾರಣವಲ್ಲ. ಒದ್ದೆ ಇದ್ದಿಲು ಹೊಗೆ ಬಿಟ್ಟು ಜೀವ ತಿಂದಿತು ಎಂಬುದು ಬೇರೆ ಮಾತು. ಒಣಗಿದ ಇದ್ದಿಲು ಹಾಕಿ, ಕೈಬ್ಲೋವರ್ ನಿಧಾನವಾಗಿ ತಿರುಗಿಸಿ, ತಳ ಸಮನಾಗಿ ಕಾಯುವಂತೆ ಮಾಡಿದರೂ ಫಲ ಅದೇ. ತವರದ ಕಡ್ಡಿ ಕಲೆಗೆ ಮುಟ್ಟಿದ ಕೂಡಲೇ ಕರಗುತ್ತಿತ್ತು. ಕರಗಿದ ಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟೆ.

ಉಳಿದದ್ದು ಆ ಕಲೆ ಮಾತ್ರ. ಅದನ್ನು ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ಕಲಾಯಿಯ ಪಳೆಯುಳಿಕೆ ಎಂದು ಯಾರಾದರೂ ಹೇಳಬಹುದಾದ ಬೂದು ಬಣ್ಣ, ಹೊಳಪಿಲ್ಲದ ಮೈ. ಪಕ್ಕದಲ್ಲಿ ನಿಜವಾದ ಹಳೆಯ ಕಲಾಯಿಯ ಒಂದು ತೇಪೆ ಉಳಿದಿತ್ತು. ಅದರ ಮೇಲೆ ಹೆಬ್ಬೆರಳಿನ ಉಗುರು ಎಳೆದರೆ ಗೆರೆ ಬಿತ್ತು. ಬೂದು ಕಲೆಯ ಮೇಲೆ ಎಳೆದರೆ ಉಗುರು ಜಾರಿತು. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದೆ; ಬ್ರಷ್ಷೇ ಸವೆದು ಕಲೆಯ ಮೇಲೆ ಹಳದಿ ಬಣ್ಣ ಬಿಟ್ಟಿತು. ಉಗುರಿಗೆ ಸೋಲಬೇಕಾದ ತವರ ಹಿತ್ತಾಳೆಯನ್ನು ಸವೆಸುತ್ತದೆಯೇ? ಅಲ್ಲಿಗೆ ಎಲ್ಲ ತಿಳಿಯಾಯಿತು. ಅದು ತವರವೂ ಅಲ್ಲ, ತಾಮ್ರವೂ ಅಲ್ಲ. ಎರಡೂ ಸೇರಿ ಆದ ಮೂರನೆಯದು.

ಕಲಾಯಿಯೆಂದರೆ ತಾಮ್ರದ ಮೇಲೆ ಬಣ್ಣ ಬಳಿದಂತಲ್ಲ. ಎರಡು ಲೋಹಗಳೂ ಸೇರುವ ಗಡಿಯಲ್ಲಿ ಒಂದರ ಪರಮಾಣುಗಳು ಇನ್ನೊಂದರೊಳಗೆ ಹೊಕ್ಕು ಸಂಯುಕ್ತವಾಗುತ್ತವೆ. ತಾಮ್ರದ ಆರು ಪರಮಾಣುಗಳಿಗೆ ತವರದ ಐದು, ಅದರ ಕೆಳಗೆ ತಾಮ್ರದ ಮೂರಕ್ಕೆ ತವರದ ಒಂದು. ಈ ತೆಳು ಪದರವೇ ಕಲಾಯಿಯನ್ನು ಹಿಡಿದಿಟ್ಟುಕೊಳ್ಳುವ ಅಂಟು, ಅದು ಬೇಕೇ ಬೇಕು. ಆದರೆ ಶಾಖ ಸಿಕ್ಕಷ್ಟೂ ಅದು ದಪ್ಪವಾಗುತ್ತ ಮೇಲಿನ ತವರವನ್ನು ನುಂಗುತ್ತದೆ. ಯಾರೋ ಎಂದೋ ಬೋಗುಣಿಯನ್ನು ನೀರಿಲ್ಲದೆ ದೊಡ್ಡ ಉರಿಯ ಮೇಲೆ ಬಿಟ್ಟಿದ್ದಾರೆ. ಕಲೆಯ ನೇರ ಕೆಳಗೆ ಹೊರಮೈ ಸುಟ್ಟು ಪದರು ಎದ್ದಿದೆ, ಉರಿಯ ನಡುಭಾಗ ತಗುಲಿದ ಜಾಗ ಅದೇ. ಅಲ್ಲಿ ತವರವೆಲ್ಲ ಸಂಯುಕ್ತವಾಗಿ ಮುಗಿದು, ಗಾಳಿಗೆ ತೆರೆದುಕೊಂಡು ಮೇಲ್ಮೈ ಆಕ್ಸೈಡ್ ಕಟ್ಟಿದೆ. ನವಸಾಗರಕ್ಕೆ ಆ ಆಕ್ಸೈಡ್ ಬಗ್ಗುವುದಿಲ್ಲ. ಕರಗಿಸಿ ತೆಗೆಯೋಣ ಎಂದರೆ ಆರಕ್ಕೈದರ ಪದರ ಒಡೆಯಲು 415 ಡಿಗ್ರಿ ಬೇಕು, ಅದರ ಕೆಳಗಿನದಕ್ಕೆ ಇನ್ನೂ ಹೆಚ್ಚು. ಅಷ್ಟು ಕಾಯಿಸಿದರೆ ಮತ್ತಷ್ಟು ಸಂಯುಕ್ತ ಬೆಳೆಯುತ್ತದೆಯೇ ಹೊರತು ಪಾತ್ರೆ ಸರಿಹೋಗುವುದಿಲ್ಲ.

ಇದೇ ತಾಮ್ರ, ಇದೇ ತವರ ಮೂಸೆಯಲ್ಲಿ ಸುಮಾರು 78ಕ್ಕೆ 22ರ ಲೆಕ್ಕದಲ್ಲಿ ಕೂಡಿದರೆ ನಾವು ಹೆಮ್ಮೆಪಡುವ ಊಟದ ಕಂಚಾಗುತ್ತದೆ, ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ. ಹದ ತಪ್ಪಿ ತಳದಲ್ಲಿ ಸೇರಿದರೆ ಹೀಗೆ ಹಗೆ ಸಾಧಿಸುತ್ತದೆ.

ಕಾರಣ ಗೊತ್ತಾದ ಮೇಲೆ ಉಪಾಯ ಒಂದೇ: ಕೆರೆದು ತೆಗೆಯುವುದು, ಗುಲಾಬಿ ತಾಮ್ರ ಕಾಣುವವರೆಗೆ. ಮರಳು ಕಾಗದ ಸಂಯುಕ್ತದ ಮೇಲೆ ಜಾರಿ ಸುತ್ತಲಿನ ಮೆತ್ತನೆಯ ತಾಮ್ರವನ್ನೇ ಹೆಚ್ಚು ತಿನ್ನುತ್ತದೆ. ಅದಕ್ಕಾಗಿ ಸವೆದು ಮೂಲೆ ಸೇರಿದ್ದ ಮೂರು ಮೂಲೆಯ ಅರವೊಂದನ್ನು ಕೆರೆಗತ್ತಿ ಮಾಡಿಕೊಂಡೆ. ಹಲ್ಲನ್ನೆಲ್ಲ ಚಕ್ರಕ್ಕೆ ಹಿಡಿದು ತೆಗೆದು, ಮೂರೂ ಮೂಲೆಗಳನ್ನು ತುದಿಯ ಕಡೆ ತುಸು ಉಬ್ಬಾಗಿ ಬಾಗಿಸಿದೆ, ಬೋಗುಣಿಯ ಕುಳಿಗೆ ಕೂರಬೇಕಲ್ಲ. ನೀರಿನಲ್ಲಿ ಅದ್ದುತ್ತ ಅದ್ದುತ್ತ ಉಜ್ಜಬೇಕು. ಅರದ ಉಕ್ಕು ನೀಲಿಗೆ ತಿರುಗಿದರೆ ಗಡಸು ಹೋಯಿತೆಂದೇ ಲೆಕ್ಕ. ಕೊನೆಗೆ ಸಾಣೆಕಲ್ಲಿನ ಮೇಲೆ ಉಗುರು ಕಚ್ಚುವಷ್ಟು ಹರಿತ ಮಾಡಿದೆ.

ಅರದ ಮಾತು ಬಂದಿತಾದ್ದರಿಂದ ಮುಂದಿನ ಕೆಲಸದ ವಿಚಾರ ಇಲ್ಲೇ ಹೇಳಿಬಿಡುತ್ತೇನೆ: ತುರಿಮಣೆ. ಈಗ ಪೇಟೆಯಲ್ಲಿ ಸಿಗುವ ತುರಿಮಣೆಯ ನಾಲಗೆ ತೆಳು ಸ್ಟೀಲ್ ತಗಡಿನಲ್ಲಿ ಅಚ್ಚೊತ್ತಿದ್ದು. ಬಲಿತ ಕಾಯಿಗೆ ಎರಡು ವರ್ಷದಲ್ಲಿ ಹಲ್ಲು ಮಲಗುತ್ತದೆ, ಮತ್ತೆ ಅರ ಹಾಕಲು ದಪ್ಪವೇ ಇರುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಾಲಗೆ ಬಡಿದು, ಹಲ್ಲು ಸವೆಯದ ಬೇರೊಂದು ಮೂರು ಮೂಲೆಯ ಅರದಿಂದ ಹಲ್ಲು ಕಡಿದು, ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಅಂದರೆ 770 ಡಿಗ್ರಿ ದಾಟಿಸಿ, ಎಣ್ಣೆಗೆ ಇಳಿಸಿ, ಆಮೇಲೆ ಒಣಹುಲ್ಲಿನ ಹಳದಿ ಬಣ್ಣ ಬರುವವರೆಗೆ ಹದ ಕೊಡುವ ಯೋಚನೆ. ಮಣೆಗೆ ಹಲಸಿನ ಹಲಗೆ ಕೊಟ್ಟಿಗೆಯ ಮಾಡಿನಡಿ ಒಣಗುತ್ತಿದೆ. ಪಟ್ಟಿಯ ತುಂಡೊಂದನ್ನು ಗಡಸು ಮಾಡಿ ಮುರಿದು, ಒಳಗಿನ ಕಣ ನುಣ್ಣಗಿದೆಯೇ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಕೆರೆಗತ್ತಿಗೆ ಬರೋಣ. ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಸಂಯುಕ್ತದ ಮೇಲೆ ಅಲಗು ಕರ್ರೆಂದು ಕಿರುಚುತ್ತದೆ, ಬೂದು ಪುಡಿ ಸಿಡಿಯುತ್ತದೆ. ತಾಮ್ರ ಸಿಕ್ಕ ಕ್ಷಣ ದನಿ ನಿಲ್ಲುತ್ತದೆ, ಅಲಗಿನ ಮುಂದೆ ಕೂದಲೆಳೆಯಷ್ಟು ತೆಳುವಾದ ಗುಲಾಬಿ ಸುರುಳಿ ಏಳುತ್ತದೆ. ಕಿರುಚುವ ಜಾಗ ಹುಡುಕುತ್ತ ಹೋಗುವುದು, ಸುರುಳಿ ಬಂದ ಕೂಡಲೇ ಅಲ್ಲಿಂದ ಕೈ ತೆಗೆಯುವುದು. ಒಂದೇ ದಿಕ್ಕಿಗೆ ಕೆರೆದರೆ ಅಲೆಅಲೆಯಾಗಿ ಗೆರೆ ಬೀಳುತ್ತದೆ, ಆದ್ದರಿಂದ ಪಾತ್ರೆಯನ್ನು ತಿರುಗಿಸುತ್ತಿರಬೇಕು. ಕಲೆ ಪೂರ್ತಿ ಗುಲಾಬಿಯಾದ ಮೇಲೆ ಹುಣಸೆ, ಉಪ್ಪು, ಹೊಳೆಯ ನುಣ್ಣನೆಯ ಮರಳು ಹಾಕಿ ತಿಕ್ಕಿ ತೊಳೆದೆ. ತೊಳೆದ ನೀರು ಇಡೀ ತಳದ ಮೇಲೆ ಒಂದೇ ಹಾಳೆಯಂತೆ ನಿಂತಿತು, ಎಲ್ಲಿಯೂ ಒಡೆಯಲಿಲ್ಲ. ಜಿಡ್ಡು, ಕೊಳೆ ಉಳಿದಿಲ್ಲ ಎಂಬುದಕ್ಕೆ ಅದೇ ಗುರುತು. ಆಗಲೇ ಧೈರ್ಯ ಬಂತು. ತೊಳೆದ ತಾಮ್ರವನ್ನು ಗಾಳಿಗೆ ಬಿಡದೆ ಅಂದೇ ಒಲೆಗೆ ಏರಿಸಬೇಕು. ಕಾರವಾರ, ಅಂಕೋಲೆಯ ಉಪ್ಪು ಗಾಳಿಯಲ್ಲಿ ಕೆಲಸ ಮಾಡುವವರು ಗಂಟೆಯ ಮಟ್ಟಿಗೂ ತಡ ಮಾಡಬಾರದು.

ಅಂಗಳದಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ಕೂತೆ. ನವಸಾಗರದ ಬಿಳಿ ಹೊಗೆ ಎದ್ದಿತು. ಕಲೆಯಿದ್ದ ಜಾಗಕ್ಕೆ ಕಡ್ಡಿ ಮುಟ್ಟಿಸಿದೆ. ತವರ ಕರಗಿ, ಅಂಚು ಚಪ್ಪಟೆಯಾಗಿ, ತಾನಾಗಿಯೇ ಗುಲಾಬಿಯ ಮೇಲೆ ಹರಿದು ಹೋಯಿತು. ಹತ್ತಿಯಿಂದ ಒರೆಸಿದ ದಾರಿಯೆಲ್ಲ ಬೆಳ್ಳಗಾಯಿತು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅತ್ತೆ, “ಇನ್ನು ಉರಿ ತೆಗೆ ತಮ್ಮಾ, ಮತ್ತೆ ಸುಟ್ಟೀತು” ಎಂದರು. ಸರಿಯಾದ ಮಾತು. ತಕ್ಷಣ ಇಕ್ಕಳದಲ್ಲಿ ಎತ್ತಿ ನೀರಿಗೆ ಇಳಿಸಿದೆ. ಹುಣಸೆ ನೀರು ಕುದಿಸಿ ರಾತ್ರಿಯಿಡೀ ಅದರಲ್ಲೇ ಬಿಟ್ಟು ನೋಡಿದ್ದಾಯಿತು. ಬೆಳಿಗ್ಗೆ ನೀರಿನಲ್ಲಿ ಹಸಿರಿನ ಸುಳಿವಿಲ್ಲ, ತಳದಲ್ಲಿ ಕೆಂಪು ಕಂಡಿಲ್ಲ. ಒಗ್ಗರಣೆಗೆ, ಹುರಿಯುವುದಕ್ಕೆ ಈ ಪಾತ್ರೆ ಕೂಡದು, ಸ್ಟೀಲಿನ ಜುಂಗು ಮುಟ್ಟಿಸಕೂಡದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಅಟ್ಟದಲ್ಲಿ ಇದರ ಜತೆಗಿದ್ದ ಹಿತ್ತಾಳೆ ತಪ್ಪಲೆಯ ತಳದಲ್ಲಿಯೂ ಉಗುರಿಗೆ ಜಗ್ಗದ ಇಂಥದೇ ಬೂದು ಕಲೆ ಇದೆ. ಆದರೆ ಅದನ್ನು ಕಣ್ಣು ಮುಚ್ಚಿ ಕೆರೆಯುವಂತಿಲ್ಲ. ಪ್ರತಿ ಕೆರೆತಕ್ಕೂ ಲೋಹ ಹೋಗುತ್ತದೆ, ತಪ್ಪಲೆಯ ತಳವನ್ನು ಬೆರಳಿನಿಂದ ಒತ್ತಿದರೆ ಟಕ್ಕೆಂದು ಒಳಗೆ ಹೋಗಿ ಬರುತ್ತದೆ. ಬಾಗುಗಾಲಿನ ಕ್ಯಾಲಿಪರ್ ಹಿಡಿದು ಕಲೆಯ ನಡುವೆ, ಅಂಚಿನಲ್ಲಿ, ಗೋಡೆಯ ಬುಡದಲ್ಲಿ ದಪ್ಪ ಅಳೆಯುತ್ತೇನೆ. ತಾಳುವಂತಿದ್ದರೆ ಕೆರೆಗತ್ತಿ. ಇಲ್ಲದಿದ್ದರೆ ಅದಕ್ಕೆ ಕಲಾಯಿಯ ಹಂಬಲ ಬಿಟ್ಟು, ಹೊರಮೈ ಬೆಳಗಿ, ಅಕ್ಕಿ ತುಂಬಿಡುವುದಕ್ಕೆ ಅತ್ತೆಗೆ ಹಿಂದಿರುಗಿಸುತ್ತೇನೆ.